ಹಳ್ಳವೇ ಇಲ್ಲದ ನಕ್ಷೆ

ನಮ್ಮದು ಉತ್ತರ ಕನ್ನಡ ಕರಾವಳಿಯ ಸಣ್ಣ ಊರು. ಇಲ್ಲಿ ಹೇಳುವ ಕೇಸು ಹೈಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ, ಹಾಗಾಗಿ ಊರಿನ ಹೆಸರು ಬೇಡ. ನಮ್ಮ ಮನೆಗಳ ಹಿಂದೆ ಗಜನಿ ಇದೆ. ಉಬ್ಬರ ಬಂದಾಗ ಹಳ್ಳದ ಮೂಲಕ ಉಪ್ಪುನೀರು ಏರಿ ಬರುವ ತಗ್ಗು ಗದ್ದೆ ಅದು. ಮಳೆಗಾಲದಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ, ಅದರ ಕೊಯ್ಲಾದ ಮೇಲೆ ಸಿಗಡಿ, ಮೀನು. ಮಳೆ ಜೋರಾದಾಗ ಗುಡ್ಡದಿಂದ ಇಳಿದ ನೀರು ಮೊದಲು ಇಲ್ಲೇ ಹರಡಿ ನಿಂತು, ಇಳಿತ ಶುರುವಾದ ಮೇಲೆ ಹೊಳೆಗೆ ಹೋಗುತ್ತದೆ. ಅದಕ್ಕೇ ನಮ್ಮ ಮನೆಗಳು ಇಷ್ಟು ವರ್ಷ ಉಳಿದಿರೋದು.

ಆ ಗಜನಿಗೆ ಟಿಪ್ಪರ್‌ಗಳಲ್ಲಿ ಕೆಂಪು ಮಣ್ಣು ಬಂದು ಬೀಳತೊಡಗಿತು. ಲಾಡ್ಜು, ಮದುವೆ ಹಾಲು ಆಗುತ್ತದಂತೆ. "ಪುರಸಭೆ ಪರ್ಮಿಶನ್ ಉಂಟು" ಅಂದ ಮೇಸ್ತ್ರಿ. ಪಕ್ಕದ ಮನೆಯ ದೊಡ್ಡಪ್ಪ ಬೇಲಿ ಹಿಡಿದು ನಿಂತಿದ್ದರು. "ಪರ್ಮಿಶನ್ ಇರಲಿ ಮಗಾ, ನೀರು ಎಲ್ಲಿಗೆ ಹೋಗ್ಬೇಕು?" ಅಂದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಶುಲ್ಕ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಫೈಲು ಬಂದಾಗ ಜಗಲಿಯ ಮೇಲೆ ಹರಡಿಕೊಂಡು ಕೂತೆ. ಸೈಟ್ ಪ್ಲಾನಿನಲ್ಲಿ ರಸ್ತೆ ಇತ್ತು, ಪಾರ್ಕಿಂಗ್ ಇತ್ತು, ಸೆಪ್ಟಿಕ್ ಟ್ಯಾಂಕಿಗೂ ಜಾಗ ಇತ್ತು. ಹಳ್ಳ ಮಾತ್ರ ಇರಲಿಲ್ಲ. ಅದು ಇರಬೇಕಾದ ಕಡೆ 'ಖಾಲಿ ಜಾಗ' ಅಂತ ಬರೆದಿತ್ತು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅದೇ ಗಡಿಗೆ ತಾಗಿ ಹಳ್ಳ ಸ್ಪಷ್ಟವಾಗಿ ಹರಿದಿದೆ. ಸ್ಥಳ ಪರಿಶೀಲನೆ ವರದಿ ಅರ್ಧ ಪುಟವೂ ಇಲ್ಲ. ಸಿಆರ್‌ಝಡ್, ಅಂದರೆ ಕರಾವಳಿಯಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ, ಅದರ ಎದುರಿಗೆ 'ಅನ್ವಯಿಸುವುದಿಲ್ಲ' ಅಂತ ಒಂದೇ ಪದ. 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ ಉಬ್ಬರದ ನೀರು ಬರುವ ಹಳ್ಳದ ದಂಡೆಯಿಂದ 50 ಮೀಟರ್ ಅಥವಾ ಹಳ್ಳದ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣಕ್ಕೆ ಬರುತ್ತದೆ. ಹಳ್ಳವನ್ನೇ ತೋರಿಸದಿದ್ದರೆ ಅಳೆಯುವ ಪ್ರಶ್ನೆ ಎಲ್ಲಿ ಬಂತು? ನನಗೆ ಸಿಟ್ಟು ಬಂದದ್ದು ಆಗಲೇ.

ಪುರಸಭೆಗೆ ತಕರಾರು ಕೊಟ್ಟೆವು, ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟೆವು. ಪುರಸಭೆಯ ಆದೇಶವನ್ನು ತಡೆಹಿಡಿಯುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಿದೆ. ಕೈಗೆ ಬಂದದ್ದು ಸ್ವೀಕೃತಿ ಸೀಲು ಅಷ್ಟೇ. ಅತ್ತ ಪಾಯ ತೋಡುವುದು ಶುರುವಾಯಿತು.

ಧಾರವಾಡದ ವಕೀಲರು ಫೈಲನ್ನು ಪೂರ್ತಿ ಓದಿ ಹೇಳಿದರು: "ಲಾಡ್ಜು ಬೇಕೋ ಬೇಡವೋ ಅಂತ ಕೋರ್ಟು ನೋಡೋದಿಲ್ಲ ಸರ್. ಪರ್ಮಿಶನ್ ಕೊಡುವಾಗ ನೋಡಬೇಕಾದ್ದನ್ನ ನೋಡಿದ್ರಾ ಅಂತ ನೋಡ್ತದೆ. ಬೇಗ ಬಂದಿದ್ದು ಒಳ್ಳೇದಾಯ್ತು. ಸ್ಲ್ಯಾಬ್ ಬಿದ್ದ ಮೇಲೆ ಬಂದ್ರೆ, ಇಷ್ಟು ದಿನ ಎಲ್ಲಿದ್ರಿ ಅಂತಾನೇ ಮೊದಲು ಕೇಳ್ತಾರೆ." ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಪುರಸಭೆಯ ಕ್ರಮವನ್ನು ಪ್ರಶ್ನಿಸುವ ಅರ್ಜಿ, ತಯಾರಾಯಿತು.

ವಿಚಾರಣೆಯ ಹಿಂದಿನ ಸಂಜೆ ಮೊಬೈಲಿನಲ್ಲಿ ಕಾಸ್ ಲಿಸ್ಟ್ (ಮರುದಿನ ಕೋರ್ಟಿಗೆ ಬರುವ ಕೇಸುಗಳ ಪಟ್ಟಿ) ನೋಡಿ ರಾತ್ರಿ ಬಸ್ಸು ಹತ್ತಿದೆ. ಅರೆಬೈಲು ಘಟ್ಟದ ತಿರುವುಗಳಲ್ಲಿ ನಿದ್ದೆ ಎಲ್ಲಿ ಬರಬೇಕು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದಿರದಿದ್ದರೆ ಬೆಂಗಳೂರಿಗೇ ಹೋಗಬೇಕಿತ್ತು. ನಮ್ಮಂಥವರು ಅಷ್ಟು ದೂರ ಹೋಗುತ್ತಿದ್ದೆವಾ, ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮ ನಂಬರು ಬಂತು. ನ್ಯಾಯಮೂರ್ತಿಗಳು ಎರಡೂ ನಕ್ಷೆಗಳನ್ನು ತಿರುವಿ ತಿರುವಿ ನೋಡಿದರು. ಪುರಸಭೆ ವಕೀಲರ ಕಡೆ ತಿರುಗಿ, ಈ ಪ್ಲಾನಿನಲ್ಲಿ ಹಳ್ಳ ಎಲ್ಲಿದೆ ಅಂತ ಕೇಳಿದರು. ಕಚೇರಿಯಿಂದ ಮಾಹಿತಿ ಪಡೆದು ಹೇಳುತ್ತೇನೆ ಅಂದರು ಅವರು. ನ್ಯಾಯಮೂರ್ತಿಗಳ ಆದೇಶ ಇಷ್ಟೇ: ಎಲ್ಲರಿಗೂ ನೋಟಿಸ್, ಮೂಲ ಫೈಲು ಹಾಜರುಪಡಿಸಬೇಕು, ಅಲ್ಲಿಯವರೆಗೆ ಯಥಾಸ್ಥಿತಿ. ನಮ್ಮ ವಕೀಲರು ಫೈಲು ಕಂಕುಳಿಗೆ ಸಿಕ್ಕಿಸಿ ಹೊರಟಾಗಲೇ ಮುಗಿಯಿತು ಅಂತ ನನಗೆ ಗೊತ್ತಾಗಿದ್ದು. ದೊಡ್ಡಪ್ಪನ ಮಾತನ್ನೇ ಕೋರ್ಟಿನಲ್ಲಿ ಯಾರೋ ಕೇಳಿದ ಹಾಗಾಗಿ ಕಣ್ಣು ತುಂಬಿ ಬಂತು.

ಕ್ಯಾಂಟೀನಿನಲ್ಲಿ ಜಾಗದ ಮಾಲೀಕ ಸಿಕ್ಕ. ನನ್ನ ಹತ್ತಿರ ಕಲಿತ ಹುಡುಗ. "ಮಾಸ್ತರೇ, ಸಾಲ ಮಾಡಿ ಹಾಕಿದ್ದೇನೆ. ಫೀ ಕಟ್ಟಿದ್ದೇನೆ, ಲೈಸೆನ್ಸ್ ಕೊಟ್ಟಿದ್ದಾರೆ. ನಂದು ಎಂತ ತಪ್ಪು?" ಅಂದ. ಅವನ ಮೇಲೆ ನನಗೆ ದ್ವೇಷವಿಲ್ಲ. ಕೇರಳದ ಮರಡುವಿನಲ್ಲಿ ಹೀಗೇ ಆಯಿತಲ್ಲ. 2006ರಲ್ಲಿ ಪಂಚಾಯತಿ ಪರ್ಮಿಶನ್ ಕೊಟ್ಟಿತು, ಜನ ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡರು. ಸಿಆರ್‌ಝಡ್ ಉಲ್ಲಂಘನೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. 2020ರ ಜನವರಿಯಲ್ಲಿ ಎಲ್ಲವನ್ನೂ ಸ್ಫೋಟಿಸಿ ಕೆಡವಿದರು. ನಮ್ಮ ಪುರಸಭೆಯವರು ಅರ್ಜಿ ಬಂದ ದಿನವೇ ಹಳ್ಳದ ದಂಡೆಗೆ ಹೋಗಿ ನಿಂತು, 'ಇಲ್ಲಿ ಆಗೋದಿಲ್ಲ' ಅಂದಿದ್ದರೆ ಈ ಹುಡುಗ ಸಾಲವನ್ನೇ ಮಾಡುತ್ತಿರಲಿಲ್ಲ. ಅವನಿಗೂ ಇದನ್ನೇ ಹೇಳಿದೆ. ಒಪ್ಪಲಿಲ್ಲ. ಚಹಾದ ದುಡ್ಡು ಮಾತ್ರ ಅವನೇ ಕೊಟ್ಟ.

ಈಗ ಕೆಲಸ ನಿಂತಿದೆ. ಆದರೆ ತುಂಬಿದ ಮಣ್ಣು ಅಲ್ಲೇ ಇದೆ. ಯಥಾಸ್ಥಿತಿ ಅಂದರೆ ಅದೂ ಇದ್ದ ಹಾಗೇ ಇರಬೇಕು. ಮಳೆಗೆ ಮುಂಚೆ ನೀರಿನ ದಾರಿಯನ್ನಾದರೂ ಬಿಡಿಸಿಕೊಡಿ ಅಂತ ಬೇರೆ ಮಧ್ಯಂತರ ಅರ್ಜಿ ಹಾಕಬೇಕು, ಅದಕ್ಕೆ ತಾರೀಕು ಸಮೇತ ಫೋಟೋ ಬೇಕು ಅಂದಿದ್ದಾರೆ ವಕೀಲರು. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ನೀರು ಎಲ್ಲಿವರೆಗೆ ಬರುತ್ತದೆ ಅಂತ ದೊಡ್ಡಪ್ಪ ಗೂಟ ಹೊಡೆದು ಗುರುತು ಮಾಡುತ್ತಿದ್ದಾರೆ. ನಾನು ಫೋಟೋ ತೆಗೆಯುತ್ತಿದ್ದೇನೆ.