ಓನರ್ ಕನ್ನಡಕ ಎಲ್ಲಿ ಹೋಯ್ತು?

ನಾನು ಎಡಿಟರ್. ಕೆಲವು ವರ್ಷಗಳ ಹಿಂದೆ ಒಂದು ಕಾಮಿಡಿ ಸೀರಿಯಲ್‌ಗೆ ಕೆಲಸ ಮಾಡಿದ್ದೆ. ವಠಾರದ ಕಥೆ. ಒಬ್ಬ ಓನರ್, ನಾಲ್ಕು ಬಾಡಿಗೆ ಮನೆ. 64 ಎಪಿಸೋಡಿಗೆ ಎತ್ತಂಗಡಿ ಆಯಿತು. ಹೆಸರು ಹೇಳಿದರೂ ನಿಮಗೆ ನೆನಪಾಗಲಿಕ್ಕಿಲ್ಲ, ಬಿಡಿ.

ಚೆನ್ನಾಗಿತ್ತಾ ಅಂತ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. ಅರ್ಧ ಎಪಿಸೋಡು ಹೆಂಡತಿ ಗಂಡನಿಗೆ ಲಟ್ಟಣಿಗೆ ತೋರಿಸುವ ಜೋಕು. ಇನ್ನರ್ಧದಲ್ಲಿ ಓನರ್ ಪಾತ್ರದ ಹಿರಿಯ ರಂಗಭೂಮಿ ನಟರು ಇರುತ್ತಿದ್ದರು. ಅವರು ಫ್ರೇಮಿಗೆ ಬಂದರೆ ನಾನು ಚೇರು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮೀಟಿಂಗ್‌ನಲ್ಲಿ ಮಾತ್ರ ಒಬ್ಬರು ‘ಪಾಪ ಪಾಂಡು’ ತರ ಬರಬೇಕು ಅಂದರೆ ಇನ್ನೊಬ್ಬರು ‘ಸಿಲ್ಲಿ ಲಲ್ಲಿ’ ತರ ಅನ್ನುತ್ತಿದ್ದರು. ಈಟಿವಿ ಕಾಲದ ಆ ಎರಡೂ ಒಂದರ ತರ ಇನ್ನೊಂದಿಲ್ಲ ಅನ್ನುವುದು ಯಾರಿಗೂ ಅಡ್ಡಿ ಆಗಲಿಲ್ಲ.

ಅದೊಂದು ಬುಧವಾರ. ಬ್ಯಾಂಕ್, ಅಂದರೆ ಮುಂಚೆಯೇ ರೆಡಿ ಇರುವ ಎಪಿಸೋಡುಗಳ ಸ್ಟಾಕ್, ಸೊನ್ನೆ. ರಾತ್ರಿ 9.30ಕ್ಕೆ ಹೋಗಬೇಕಾದ ಎಪಿಸೋಡ್ ಸಂಜೆ 7.10ಕ್ಕೆ ನನ್ನ ಟೈಮ್‌ಲೈನ್‌ನಲ್ಲಿ 22 ನಿಮಿಷ 40 ಸೆಕೆಂಡ್. ಚಾನೆಲ್‌ಗೆ ಬೇಕಾದದ್ದು ಸರಿಯಾಗಿ 22. ಡೈರೆಕ್ಟರ್ ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯಲ್ಲಿದ್ದರು, ಫೋನ್ ಎತ್ತುತ್ತಿಲ್ಲ. ಈಪಿ, ಅಂದರೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ನನ್ನ ಬೆನ್ನ ಹಿಂದೆ ನಿಂತು ಒಂದೊಂದೇ ಬೆರಳಿನ ನೆಟಿಗೆ ತೆಗೆಯುತ್ತಿದ್ದರು.

ಆಟೋ ಬಂದು ನಿಲ್ಲುವುದು, ಗೇಟು ತೆಗೆಯುವುದು, ಹೀಗೆ ಅಲ್ಲಲ್ಲಿ ಗೀಚಿ 29 ಸೆಕೆಂಡ್ ತೆಗೆದೆ. ಇನ್ನೂ 11 ಬೇಕು.

ಆಗ ಆ ಸೀನು ಕಣ್ಣಿಗೆ ಬಿತ್ತು. ಬಾಡಿಗೆಯವನು ಬಂದು “ಸಾರ್, ಈ ತಿಂಗಳು ಸ್ವಲ್ಪ...” ಅಂತ ನಿಲ್ಲಿಸುತ್ತಾನೆ. ಓನರ್ ಮಾತಾಡಲ್ಲ. ಬಾಡಿಗೆ ಪುಸ್ತಕ ಮುಚ್ಚುತ್ತಾರೆ. ಪೆನ್ನಿಗೆ ಕ್ಯಾಪ್ ಹಾಕುತ್ತಾರೆ. ಕನ್ನಡಕ ತೆಗೆದು ಒಂದು ಕಡ್ಡಿ ಮಡಚಿ, ಇನ್ನೊಂದು ಕಡ್ಡಿ ಮಡಚಿ, ಡಬ್ಬಿಗಿಟ್ಟು, ಟಪ್ ಅಂತ ಮುಚ್ಚುತ್ತಾರೆ. ಆಮೇಲೆ “ಕಾಫಿ ಕುಡೀತೀಯಾ?” ಅಷ್ಟೇ. ಪುಸ್ತಕದಿಂದ ಟಪ್‌ವರೆಗೆ 14 ಸೆಕೆಂಡ್.

ಅದನ್ನು 3 ಸೆಕೆಂಡ್ ಮಾಡಿದೆ. ಪುಸ್ತಕ ಮುಚ್ಚಿದ ಕೂಡಲೇ ಬಾಡಿಗೆಯವನ ರಿಯಾಕ್ಷನ್, ಅಲ್ಲಿಂದ ಸೀದಾ ಕಾಫಿ. ಸಪ್ಪೆ ಅನಿಸಿತು. ರೆಕಾರ್ಡ್ ಆದ ನಗುಗಳ ಫೋಲ್ಡರಿನಿಂದ ‘ನಗು_ದೊಡ್ಡದು_02’ ಎಳೆದು ಮೇಲೆ ಹಾಕಿದೆ.

8.25ಕ್ಕೆ ಅಪ್‌ಲೋಡ್. 8.41ಕ್ಕೆ ಕ್ಯೂಸಿ, ಅಂದರೆ ಚಾನೆಲ್‌ನ ಕ್ವಾಲಿಟಿ ಚೆಕ್‌ನವರಿಂದ ರಿಜೆಕ್ಟ್. ಲೌಡ್‌ನೆಸ್ ಜಾಸ್ತಿ, ಅದೂ ಆ ನಗುವಿನ ಜಾಗದಲ್ಲೇ! ಇಳಿಸಿ ಮತ್ತೆ ಎಕ್ಸ್‌ಪೋರ್ಟ್ ಕೊಟ್ಟೆ. 73 ಪರ್ಸೆಂಟ್‌ಗೆ ಬಂದು ಸಿಸ್ಟಮ್ ನಿಂತುಬಿಟ್ಟಿತು. ಹೊಸ ಮಷೀನ್ ಕೇಳಿ ಮೂರು ತಿಂಗಳಾಗಿತ್ತು. “ಮುಂದಿನ ಶೆಡ್ಯೂಲ್‌ಗೆ ನೋಡೋಣ” ಅನ್ನುವುದೇ ಉತ್ತರ. ಆ ನೀಲಿ ಪಟ್ಟಿಯನ್ನು ನೋಡುತ್ತಾ ಇಬ್ಬರೂ ಉಸಿರು ಬಿಡದೆ ಕೂತೆವು. ಈಪಿ ಮೌಸ್ ಮುಟ್ಟಲು ಬಂದರು. “ಮುಟ್ಬೇಡಿ ಸರ್!” ಅಂತ ಕಿರುಚಿದೆ. ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. 74 ಆಯಿತು. 9.13ಕ್ಕೆ ಓಕೆ ಬಂತು.

ನಗು ಜೋರಾಯಿತು ಅಂತ ತಡೆದ ಕ್ಯೂಸಿಯವರಿಗೆ, ಓನರ್ ಮೂಗಿನ ಮೇಲಿದ್ದ ಕನ್ನಡಕ ಮುಂದಿನ ಶಾಟ್‌ನಲ್ಲಿ ಮಾಯ ಆಗಿದ್ದು ಕಾಣಲಿಲ್ಲ. ನನಗೂ ಕಾಣಲಿಲ್ಲ.

ಎರಡು ದಿನ ಬಿಟ್ಟು ಆ ಹಿರಿಯರು ಡಬ್ಬಿಂಗ್‌ಗೆ ಬಂದರು. ಬಾಗಿಲಲ್ಲೇ ನಿಂತು, “ಏನ್ ಮರಿ, ನನ್ನ ಕನ್ನಡಕ ಎಲ್ಲಿಟ್ಟೆ?” ಅಂದರು. ನಗುತ್ತಲೇ ಕೇಳಿದರು.

“ಸರ್, ಡ್ಯುರೇಶನ್...”

“ಹೂಂ, ಡ್ಯುರೇಶನ್ನು,” ಅಂತ ಮೈಕಿನ ಕಡೆ ಹೋದರು.

ಹೊಟ್ಟೆ ಉರಿಯುವ ವಿಷಯ ಏನು ಗೊತ್ತಾ? ನಮ್ಮ ಟೈಟಲ್ ಸಾಂಗ್ 50 ಸೆಕೆಂಡ್ ಇತ್ತು. 11 ಸೆಕೆಂಡ್ ಅದರಲ್ಲೇ ತೆಗೆಯಬಹುದಿತ್ತು. ಈಪಿ ಹಿಂದೆಯೇ ನಿಂತಿದ್ದರು, ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಸ್ಕ್ರೀನಿನ ಮೇಲೆ ಸದ್ದು ತೋರಿಸುವ ಗೆರೆ, ವೇವ್‌ಫಾರ್ಮ್, ಎಲ್ಲಿ ಚಪ್ಪಟೆ ಇದೆಯೋ ಅಲ್ಲಿ ಏನೂ ನಡೆಯುತ್ತಿಲ್ಲ ಅಂತ ನನ್ನ ಕೈ ತೀರ್ಮಾನ ಮಾಡಿಬಿಟ್ಟಿತ್ತು.

ಆ ವಾರದ ರೇಟಿಂಗ್ ಮುಂದಿನ ಗುರುವಾರ ಬಂತು. ಚುಕ್ಕೆಯ ಆಚೆ ಒಂದಂಕಿ ಏರಿತ್ತು. ಈಪಿ ಎಲ್ಲರ ಮುಂದೆ “ನಗು ವರ್ಕ್ ಆಗಿದೆ” ಅಂತ ನನ್ನ ಬೆನ್ನು ತಟ್ಟಿದರು. ನಾನು ಸುಮ್ನೆ ಹಲ್ಲು ಕಿರಿದೆ. ಅಲ್ಲಿಂದ ಎಪಿಸೋಡಿಗೆ ಮೂವತ್ತು ನಗು. 1950ರ ದಶಕದಲ್ಲಿ ಅಮೆರಿಕದ ಸಿಬಿಎಸ್‌ನ ಸೌಂಡ್ ಎಂಜಿನಿಯರ್ ಚಾರ್ಲ್ಸ್ ಡಗ್ಲಸ್, ಕೀ ಒತ್ತಿದರೆ ನಗುವ ಒಂದು ಪೆಟ್ಟಿಗೆ ಮಾಡಿದ್ದ. ಅದಕ್ಕೆ ಬೀಗ ಹಾಕಿ ಇಡುತ್ತಿದ್ದ. ನನ್ನ ಫೋಲ್ಡರಿಗೂ ಒಂದು ಬೀಗ ಬೇಕಿತ್ತು. ಭಾನುವಾರದ ಮಹಾಸಂಚಿಕೆಗಾದರೂ ಆ ಸೀನು ಪೂರ್ತಿ ಹಾಕೋಣವಾ ಅಂತ ಕೇಳಿದೆ. “ಇರೋ ಫೈಲ್ ಜೋಡ್ಸಿ ಸಾಕು” ಅಂದರು.

ಹೋದ ತಿಂಗಳು ಹಳೇ ಡ್ರೈವ್ ಖಾಲಿ ಮಾಡುವಾಗ ಆ ಸೀನಿನ ರಶಸ್, ಅಂದರೆ ಕತ್ತರಿ ಹಾಕದ ಮೂಲ ಶಾಟ್, ಸಿಕ್ಕಿತು. ಆ 14 ಸೆಕೆಂಡಿನ 350 ಫ್ರೇಮು, ಹಾಗೇ ಇದೆ. ಪ್ಲೇ ಮಾಡಿದೆ. ಪಕ್ಕದಲ್ಲಿದ್ದ ಹೊಸ ಹುಡುಗ ಡಬ್ಬಿ ಟಪ್ ಅಂದಾಗಲೇ ನಕ್ಕ. ಕಾಫಿ ಡೈಲಾಗ್ ಇನ್ನೂ ಬಂದಿರಲಿಲ್ಲ.

ಮುಂದಿನ ಕ್ಲಿಪ್‌ನಲ್ಲಿ ಲಟ್ಟಣಿಗೆ ಬಂತು. ಅವನು ಫೋನ್ ಕೈಗೆ ತೆಗೆದುಕೊಂಡ.