ಜೋರ್ಕಿ-4, ಜುಪಿಟರ್-8: ಮುಖಕ್ಕೊಂದು ಲೆಕ್ಕ, ಬೀದಿಗೊಂದು ಲೆಕ್ಕ

ಬೆಂಗಳೂರು, ಫೆಬ್ರವರಿ 9, 2025, ಭಾನುವಾರ

ಕೆ.ಆರ್. ಮಾರ್ಕೆಟ್‌ಗೆ ಹೊರಡುವ ಮುಂಚೆ ನನ್ನ ಜೋರ್ಕಿ-4 ಫಿಲ್ಮ್ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಮಾಡಿದ ತಪಾಸಣೆಯನ್ನೇ ಇವತ್ತು ವಿವರವಾಗಿ ಬರೆದಿಡುತ್ತಿದ್ದೇನೆ. ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಜೋರ್ಕಿ-4 ತಯಾರಿಸಿದ್ದು 1956ರಿಂದ 1973ರವರೆಗೆ. ಅದರ ಜೊತೆ ಬರುವ ಜುಪಿಟರ್-8, 50 ಮಿ.ಮೀ. ಎಫ್ 2 ಲೆನ್ಸು, ಜರ್ಮನಿಯ ಜೈಸ್ ಸೊನಾರ್ ವಿನ್ಯಾಸದ್ದು. ಇಷ್ಟು ಹಳೆಯ ಜೋಡಿಯಲ್ಲಿ, ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಹೊಂದಿಸುವ ರೇಂಜ್‌ಫೈಂಡರ್ ತೋರಿಸುವುದೇ ಸರಿ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಬೀದಿ ಚಿತ್ರದಲ್ಲಿ ಅದು ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಮುಖದ ಚಿತ್ರದಲ್ಲಿ ನಡೆಯುವುದಿಲ್ಲ.

ಲೆಕ್ಕ ನೋಡಿ. ಎಫ್ 2ರಲ್ಲಿ, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದಾಗ (ಎಫ್ ಅಂಕಿ ದೊಡ್ಡದಾದಷ್ಟೂ ಬಾಯಿ ಕಿರಿದು), ಒಂದು ಮೀಟರ್ ದೂರದಲ್ಲಿ, ಸ್ಪಷ್ಟವಾಗಿ ಬರುವ ಆಳ ಒಟ್ಟು ನಾಲ್ಕೂವರೆ ಸೆಂ.ಮೀ. ಅಷ್ಟೇ. ಕಣ್ಣಿನಿಂದ ಮುಂದಕ್ಕೆ ಎರಡೂಕಾಲು ಸೆಂ.ಮೀ., ಹಿಂದಕ್ಕೆ ಎರಡೂಕಾಲು.

ಮೊದಲು ದೂರದ ಪರೀಕ್ಷೆ. ಲೆನ್ಸನ್ನು ಅನಂತಕ್ಕೆ ತಿರುಗಿಸಿ, ಅರ್ಧ ಕಿಲೋಮೀಟರಿಗಿಂತ ಆಚೆಯ ಮೊಬೈಲ್ ಟವರ್ ನೋಡಬೇಕು. ಎರಡು ಬಿಂಬ ಒಂದಾಗಬೇಕು. ಅಕ್ಕಪಕ್ಕ ಸರಿದಿದ್ದರೆ ಫೋಕಸ್ ತಪ್ಪುತ್ತದೆ. ಮೇಲೆ ಕೆಳಗೆ ಸರಿದಿದ್ದರೆ ಫೋಕಸ್ ಕೆಡುವುದಿಲ್ಲ, ಆದರೆ ಬಿಂಬ ಕೂಡಿಸುವಾಗ ಕಣ್ಣು ಸೋಲುತ್ತದೆ.

ಹತ್ತಿರದ ಪರೀಕ್ಷೆಯೇ ಮುಖ್ಯ. ಜೋರ್ಕಿ-4ರ ಹಿಂಬದಿ ಪೂರ್ತಿ ಕಳಚಿ ಬರುವುದು ಇಲ್ಲಿ ದೊಡ್ಡ ಅನುಕೂಲ. ಫಿಲ್ಮಿಗಿಂತ ಅಗಲವಿಲ್ಲದ ಒಂದು ಗಾಜಿನ ತುಂಡಿಗೆ ಮಸುಕು ಟೇಪ್ ಅಂಟಿಸಿ, ಟೇಪಿನ ಮೈ ಲೆನ್ಸಿನ ಕಡೆ ಇರುವಂತೆ, ಫಿಲ್ಮ್ ಓಡುವ ಒಳಪಟ್ಟಿಗಳ ಮೇಲೆ ಕೂರಿಸಬೇಕು. ಗಾಜು ಅಗಲವಾಗಿ ಹೊರಪಟ್ಟಿಯ ಮೇಲೆ ಕೂತರೆ ಫಿಲ್ಮಿನ ಜಾಗಕ್ಕಿಂತ ಹಿಂದೆ ನಿಲ್ಲುತ್ತದೆ, ಆಗ ಪರೀಕ್ಷೆಯೇ ಸುಳ್ಳು. ಶಟರ್ ಎಳೆದು, ವೇಗದ ಡಯಲನ್ನು ಬಿ ಗೆ (ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಗುರುತು) ಇಟ್ಟು, ಬೀಗವಿರುವ ಕೇಬಲ್ ರಿಲೀಸಿನಿಂದ ತೆರೆದಿಡಬೇಕು. ಟ್ರೈಪಾಡಿನಿಂದ ಒಂದು ಮೀಟರ್ ದೂರದಲ್ಲಿ ಬೆಂಕಿಪೊಟ್ಟಣ ನಿಲ್ಲಿಸಿ, ಅದರ ಪಕ್ಕದಲ್ಲಿ ಅಳತೆ ಟೇಪನ್ನು ಓರೆಯಾಗಿ ಹಾಸಬೇಕು. ಪೊಟ್ಟಣದ ಅಂಚಿಗೆ ರೇಂಜ್‌ಫೈಂಡರ್ ಕೂಡಿಸಿ, ಎಫ್ 2ರಲ್ಲಿ ಗಾಜಿನ ಮೇಲೆ ಯಾವ ಅಂಕಿ ಚೂಪಾಗಿದೆ ಎಂದು ನೋಡಬೇಕು. ಭೂತಗನ್ನಡಿ ಇಲ್ಲದಿದ್ದರೆ ಬೇರೊಂದು 50 ಮಿ.ಮೀ. ಲೆನ್ಸನ್ನು ತಿರುಗಿಸಿ ಹಿಡಿದರೂ ಸಾಕು.

ಇದೇ ಜುಪಿಟರನ್ನು ಲೈಕಾ ಅಥವಾ ಹಳೆಯ ಕ್ಯಾನನ್ ಕ್ಯಾಮೆರಾ ಮೇಲೆ ಹಾಕುವವರು ಈ ಪರೀಕ್ಷೆ ಬಿಡಲೇಬಾರದು. ತಿರುಪು ಒಂದೇ, 39 ಮಿ.ಮೀ. ಆದರೆ ಲೈಕಾ ರೇಂಜ್‌ಫೈಂಡರ್ 51.6 ಮಿ.ಮೀ. ನಾಭಿದೂರಕ್ಕೆ ಹೊಂದಿಸಿದ್ದು, ಹೆಸರಿಗೆ 50 ಆದರೂ ಸೊನಾರ್ ವಂಶದ ಈ ಲೆನ್ಸಿನದು ಸುಮಾರು 52.4. ಒಂದು ಮೀಟರಿನಲ್ಲಿ ಲೆನ್ಸು ಬೇಕಾದ್ದಕ್ಕಿಂತ 0.1 ಮಿ.ಮೀ. ಕಡಿಮೆ ಮುಂದೆ ಬರುತ್ತದೆ, ಫೋಕಸ್ ಸುಮಾರು ಮೂರು ಸೆಂ.ಮೀ. ಹಿಂದೆ ಬೀಳುತ್ತದೆ. ಕಣ್ಣು ಮಸುಕಾಗಿ, ಕಪಾಳದ ಕೂದಲು ಚೂಪಾಗಿ ಬರುವುದಕ್ಕೆ ಇದೇ ಕಾರಣ. ಲೆನ್ಸಿನೊಳಗಿನ ತೆಳು ಬಳೆಯನ್ನು 0.1 ಮಿ.ಮೀ. ದಪ್ಪ ಮಾಡಿದರೆ ಹತ್ತಿರದ್ದು ಸರಿಹೋಗುತ್ತದೆ. ದೂರದ್ದು ಆಗ ತಪ್ಪುತ್ತದೆ, ಅದನ್ನು ಎಫ್ 8ಕ್ಕೆ ಮುಚ್ಚಿ ಸರಿದೂಗಿಸಬೇಕು. ಮುಖಗಳಿಗೇ ಲೆನ್ಸನ್ನು ಮೀಸಲಿಡುವುದಾದರೆ ಈ ಚೌಕಾಸಿ ಲಾಭದ್ದೇ.

ಮಾರ್ಕೆಟ್ಟಿನಲ್ಲಿ ಹೂ ಮಾರುವವರ ಎದುರು, “ಅಕ್ಕಾ, ಒಂದು ಫೋಟೋ ತೆಗೀಲಾ?” ಎಂದು ಕೇಳಿ ಒಪ್ಪಿಗೆ ಸಿಕ್ಕ ಮೇಲೆ ಫೋಕಸ್ ಯಾವುದರ ಮೇಲೆ? ರೇಂಜ್‌ಫೈಂಡರಿಗೆ ನಿಂತ ಗೆರೆ ಬೇಕು. ಹುಬ್ಬು, ರೆಪ್ಪೆ ಎರಡೂ ಅಡ್ಡ ಗೆರೆ, ಬಿಂಬ ಸರಿದದ್ದೇ ತಿಳಿಯುವುದಿಲ್ಲ. ಹೊಳೆಯುವ ಮೂಗುತಿ ತಟ್ಟನೆ ಕೂಡಿಬರುತ್ತದೆ, ಆದರೆ ಅದು ಕಣ್ಣಿಗಿಂತ ಎರಡು ಸೆಂ.ಮೀ.ನಷ್ಟು ಮುಂದಿದೆ, ಇರುವ ಆಳವೆಲ್ಲ ಅಲ್ಲಿಗೇ ಮುಗಿಯುತ್ತದೆ. ಕಾಡಿಗೆ ಹಚ್ಚಿದ ಕಣ್ಣಿನ ಮೂಲೆ, ಪಾಪೆಯೊಳಗಿನ ಬೆಳಕಿನ ಚುಕ್ಕೆ, ಕನ್ನಡಕವಿದ್ದರೆ ಅದರ ಚೌಕಟ್ಟಿನ ಬದಿ: ಇವು ಒಳ್ಳೆಯವು. ಒಮ್ಮೆ ಕೂಡಿಸಿದ ಮೇಲೆ ಉಂಗುರ ಮುಟ್ಟದೆ, ಮೈಯನ್ನೇ ತುಸು ಹಿಂದೆ ಮುಂದೆ ವಾಲಿಸಿ ಬಿಂಬ ಕೂಡಿದ ಕ್ಷಣಕ್ಕೆ ಒತ್ತುವುದು ಹೆಚ್ಚು ನಿಖರ. ಅಪರ್ಚರನ್ನು, ಅಂದರೆ ಎಫ್ ಅಂಕಿಯನ್ನು, ಮೊದಲೇ ಇಟ್ಟುಕೊಳ್ಳಬೇಕು. ಜುಪಿಟರಿನ ಅಪರ್ಚರ್ ಉಂಗುರಕ್ಕೆ ಕ್ಲಿಕ್ ಇಲ್ಲ, ಆಮೇಲೆ ತಿರುಗಿಸಿದರೆ ಫೋಕಸೂ ಜೊತೆಗೆ ಸರಿಯುತ್ತದೆ. ವ್ಯೂಫೈಂಡರಿನಲ್ಲಿ ಹತ್ತಿರದ ದೂರಕ್ಕೆ ತಿದ್ದುಪಡಿ ಇಲ್ಲದ ಕಾರಣ ತಲೆಯ ಮೇಲೆ ಮೂರು ನಾಲ್ಕು ಬೆರಳಿನಷ್ಟು ಜಾಗ ಬಿಡದಿದ್ದರೆ ಮುಡಿ ಕತ್ತರಿಸಿಹೋಗುತ್ತದೆ.

ಎಫ್ 2ರ ಮುಖಗಳಿಗೆ ಐಎಸ್‌ಒ 100 (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಳತೆ) ಫಿಲ್ಮ್, ತೆರೆದ ನೆರಳು, ಶಟರ್ ವೇಗ 1/500 ಸೆಕೆಂಡ್. ಬಿಸಿಲಿನಲ್ಲಿ ಎಫ್ 2 ಸಾಧ್ಯವಿಲ್ಲ. ಡಯಲಿನಲ್ಲಿ 1/1000 ಇದೆ, ಆದರೆ ದಣಿದ ಸ್ಪ್ರಿಂಗುಗಳು ಅಷ್ಟು ವೇಗ ಮುಟ್ಟುವುದು ಅಪರೂಪ, ಎರಡು ಪರದೆಗಳ ಓಟ ಹೊಂದದೆ ಚಿತ್ರದ ಒಂದು ಬದಿ ಕಪ್ಪಾಗುತ್ತದೆ.

ಬೀದಿಗೆ ಐಎಸ್‌ಒ 400. ಅವೆನ್ಯೂ ರಸ್ತೆಯ ಮಧ್ಯಾಹ್ನದ ಬಿಸಿಲಿಗೆ 1/500, ಎಫ್ 16, ದೂರ ಮೂರು ಮೀಟರಿಗೆ. 1.9ರಿಂದ 7 ಮೀಟರಿನವರೆಗೆ ಎಲ್ಲ ಸ್ಪಷ್ಟ, ರೇಂಜ್‌ಫೈಂಡರ್ ಮುಟ್ಟುವುದೇ ಬೇಡ. ಚಿಕ್ಕಪೇಟೆಯ ಗಲ್ಲಿಯ ನೆರಳಿಗೆ ಹೊಕ್ಕ ಕೂಡಲೇ ಮೂರು ಸ್ಟಾಪ್ ಬೆಳಕು ಹೋಗುತ್ತದೆ, ಅಂದರೆ ಎಂಟರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಅಲ್ಲಿ 1/500 ಬಿಡಲೊಲ್ಲೆ ಎಂದರೆ ಎಫ್ 5.6, ಸ್ಪಷ್ಟವಾಗುವುದು ಎರಡೂವರೆಯಿಂದ ಮೂರು ಮುಕ್ಕಾಲು ಮೀಟರ್ ಮಾತ್ರ. 1/125, ಎಫ್ 11 ಇಟ್ಟರೆ 2.1ರಿಂದ 5 ಮೀಟರ್ ಸಿಗುತ್ತದೆ. ಎದುರು ಬರುವವರಿಗೆ ಅದು ಸಾಕು, ಅಡ್ಡ ಹಾಯುವವರ ಕಾಲು ಕಲೆಸುತ್ತದೆ. ನನ್ನ ಆಯ್ಕೆ ಎರಡನೆಯದೇ. ಕಾಲು ಕಲೆಸಿದರೂ ಮುಖ ನಿಲ್ಲುತ್ತದೆ.

ವೇಗ ಬದಲಿಸುವುದು ಫಿಲ್ಮ್ ಸುತ್ತಿದ ಮೇಲೆ ಮಾತ್ರ, ಸುತ್ತದೆ ಡಯಲ್ ಎತ್ತಿ ತಿರುಗಿಸಿದರೆ ಒಳಗಿನ ಹಲ್ಲುಗಳಿಗೆ ಪೆಟ್ಟು. ನಡೆಯುವಾಗ ಲೆನ್ಸ್ ಎಫ್ 16ಕ್ಕೆ ಮುಚ್ಚಿ, ಮುಖ ಮೈಕಡೆ ಇರಲಿ. ಅನಂತಕ್ಕಿಟ್ಟ, ಎಫ್ 2ಕ್ಕೆ ತೆರೆದ ಲೆನ್ಸು ಸೂರ್ಯನಿಗೆ ಎದುರಾದರೆ ರಬ್ಬರ್ ಬಟ್ಟೆಯ ಪರದೆಗೆ ತೂತು ಬೀಳುತ್ತದೆ. ಆ ತೂತು ಪ್ರಿಂಟಿನಲ್ಲಿ ಬಿಳಿ ಚುಕ್ಕೆ. ಅದನ್ನು ಹುಡುಕಲು ಕತ್ತಲೆ ಕೋಣೆಯಲ್ಲಿ ಲೆನ್ಸೂ ಹಿಂಬದಿಯೂ ತೆಗೆದು, ಮುಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಬೇಕು. ಶಟರ್ ಎಳೆಯದೆ ಒಮ್ಮೆ, ಎಳೆದು ಒಮ್ಮೆ, ಏಕೆಂದರೆ ಪರದೆ ಎರಡಿವೆ. ಸಣ್ಣ ತೂತಿಗೆ ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಬೇಕು. ದಪ್ಪ ಬಳಿದರೆ ಪರದೆ ಸುರುಳಿ ಸುತ್ತುವಾಗ ಗಟ್ಟಿಯಾಗಿ ವೇಗ ಕೆಡುತ್ತದೆ.