ಮೊದಲ ಪುಟದ ಒಂದು ಖಾನೆ

ಕಳೆದ ಮಳೆಗಾಲದ ಆ ಕಾಲ್ ನೆನಪಾದರೆ ಈಗಲೂ ಕಸಿವಿಸಿ. ನಾವಿರುವುದು ಮಂಗಳೂರಿನಲ್ಲಿ, ಡೇಟಾ ಟೆಕ್ಸಾಸ್ ಕರಾವಳಿಯದು. ಅಲ್ಲಿನ ಫೀಲ್ಡ್‌ನವರು ಗ್ರ್ಯಾವಿಟಿ ರೀಡಿಂಗ್, ಅಂದರೆ ಜಾಗದಿಂದ ಜಾಗಕ್ಕೆ ಗುರುತ್ವ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ ಕಳಿಸುತ್ತಾರೆ. ನಾವು ಡ್ರಿಫ್ಟ್, ಟೈಡ್, ಬೂಗೇರ್ ಅಂತ ತಿದ್ದುಪಡಿಗಳನ್ನೆಲ್ಲ ಮುಗಿಸಿ, ಇಡೀ ಪ್ರದೇಶದ ದೊಡ್ಡ ಏರಿಳಿತವಾದ ರೀಜನಲ್ ತೆಗೆದು, ನೆಲದಡಿಯ ಉಪ್ಪಿನ ಗುಮ್ಮಟದ ಮಾಡೆಲ್ ಕೊಡುತ್ತೇವೆ. ಆ ಸಲದ ಕ್ಲೈಂಟ್‌ಗೆ ಉಪ್ಪಿನೊಳಗೆ ಗ್ಯಾಸ್ ತುಂಬಿಡುವ ಯೋಜನೆ ಇತ್ತು.

ಇದನ್ನು ಊರಲ್ಲಿ ಹೇಳಿದರೆ "ನಮ್ಮ ಪಾದೂರಿನ ಹಾಗೆಯಾ?" ಅಂತ ಕೇಳುತ್ತಾರೆ. ಅಲ್ಲ. ಉಡುಪಿ ಜಿಲ್ಲೆಯ ಪಾದೂರಿನ ತೈಲ ಸಂಗ್ರಹ ಗಟ್ಟಿ ಬಂಡೆ ಕೊರೆದು ಮಾಡಿದ್ದು, 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವಂಥದ್ದು. ಉಪ್ಪಿನಲ್ಲಿ ಬಂಡೆ ಒಡೆಯುವ ಕೆಲಸ ಇಲ್ಲ. ಬೋರ್ ಇಳಿಸಿ ನೀರು ಬಿಟ್ಟರೆ ಉಪ್ಪು ಕರಗುತ್ತದೆ, ಉಪ್ಪುನೀರು ಮೇಲೆತ್ತಿದರೆ ಜಾಗ ಸಿಗುತ್ತದೆ. ಅಮೆರಿಕ ಸರ್ಕಾರದ ತುರ್ತು ತೈಲ ಸಂಗ್ರಹ ಇರುವುದೂ ಟೆಕ್ಸಾಸ್ ಮತ್ತು ಲೂಯಿಸಿಯಾನಾದ ಇಂಥ ಉಪ್ಪಿನಲ್ಲೇ. ಹಾಗಾಗಿ ಉಪ್ಪು ಎಷ್ಟು ಆಳದಲ್ಲಿ ಶುರುವಾಗುತ್ತದೆ ಅನ್ನುವುದು ಬೋರ್‌ಗೆ ಕೇಸಿಂಗ್ ಪೈಪ್ ಹಾಕುವವರಿಗೆ ಬಹಳ ದೊಡ್ಡ ವಿಷಯ.

ಉಪ್ಪಿನ ಸಾಂದ್ರತೆ (ಘನ ಸೆಂಟಿಮೀಟರ್‌ಗೆ ಗ್ರಾಂ ಲೆಕ್ಕದಲ್ಲಿ) 2.2ರ ಹತ್ತಿರ. ಎಷ್ಟು ಒತ್ತಿದರೂ ಅದು ಇನ್ನಷ್ಟು ಬಿಗಿಯಾಗುವುದಿಲ್ಲ. ಸುತ್ತಲಿನ ಜೇಡಿ, ಮರಳು ಹಾಗಲ್ಲ. ಕೆಳಗೆ ಹೋದಷ್ಟೂ ಬಿಗಿದು ಭಾರವಾಗುತ್ತವೆ. ಮೇಲೆ ಅವು ಉಪ್ಪಿಗಿಂತ ಹಗುರ, ಆಳದಲ್ಲಿ ಉಪ್ಪಿಗಿಂತ ಭಾರ. ನಡುವೆ ಎಲ್ಲೋ ಎರಡೂ ಸಮ. ಆ ನಿಲ್ ಝೋನ್‌ನಲ್ಲಿ ಉಪ್ಪು ಇದ್ದರೂ ಗುರುತ್ವ ಅಳೆಯುವ ಗ್ರ್ಯಾವಿಮೀಟರ್‌ಗೆ ಗೊತ್ತಾಗುವುದಿಲ್ಲ. ಮ್ಯಾಪಿನಲ್ಲಿ ಕಾಣುವ ಲೋ, ಅಂದರೆ ಗುರುತ್ವ ಕಡಿಮೆಯಾದ ಜಾಗ, ಆ ಝೋನ್‌ನ ಕೆಳಗಿನ ಉಪ್ಪಿನದು.

ರೀಡಿಂಗ್‌ನಿಂದ ನೆಲದಡಿಯ ಆಕಾರ ಲೆಕ್ಕ ಹಾಕುವ ನಮ್ಮ ಇನ್ವರ್ಷನ್ ಟೂಲ್‌ನಲ್ಲಿ ಮಾತ್ರ ಡೆನ್ಸಿಟಿ ಕಾಂಟ್ರಾಸ್ಟ್‌ಗೆ, ಅಂದರೆ ಉಪ್ಪಿಗೂ ಸುತ್ತಲಿನದಕ್ಕೂ ಇರುವ ಸಾಂದ್ರತೆಯ ವ್ಯತ್ಯಾಸಕ್ಕೆ, ಒಂದೇ ಬಾಕ್ಸ್. ಆಳಕ್ಕೆ ತಕ್ಕಂತೆ ಬದಲಾಯಿಸುವ ಮಾಡ್ಯೂಲ್‌ಗೆ ಬೇರೆ ಲೈಸೆನ್ಸ್ ಬೇಕು. ಕೇಳಿದಾಗೆಲ್ಲ ಮುಂದಿನ ಕ್ವಾರ್ಟರ್ ಅನ್ನುತ್ತಾರೆ. ಮೈನಸ್ 0.2 ಹಾಕಿ ಓಡಿಸಿದಾಗ ಉಪ್ಪಿನ ತಲೆ 900 ಮೀಟರ್‌ನಲ್ಲಿ ಬಂತು.

ಆದರೆ ಲೋದ ಸರಿ ನಡುವೆ ಒಂದು ಸಣ್ಣ ಉಬ್ಬು ಇತ್ತು, 0.3 ಮಿಲಿಗಾಲ್‌ನಷ್ಟು (ಮಿಲಿಗಾಲ್ ಅಂದರೆ ಗುರುತ್ವದ ವ್ಯತ್ಯಾಸ ಅಳೆಯುವ ಮಾನ). "ಎಲಿವೇಷನ್ ಎರರ್ ಅದು, ಸ್ಮೂತ್ ಮಾಡಿ" ಅಂದರು ಮ್ಯಾನೇಜರ್. ಎತ್ತರ ಒಂದು ಮೀಟರ್ ತಪ್ಪಿದರೆ ಸುಮಾರು 0.2 ಮಿಲಿಗಾಲ್ ವ್ಯತ್ಯಾಸ ಬರುತ್ತದೆ, ನಿಜ. ಹಾಗಾದರೆ ಇಲ್ಲಿ ಒಂದೂವರೆ ಮೀಟರ್ ತಪ್ಪಿರಬೇಕು. ಅದೂ ಸೆಂಟಿಮೀಟರ್ ಮಟ್ಟದಲ್ಲಿ ಅಳೆಯುವ ಆರ್‌ಟಿಕೆ ಜಿಪಿಎಸ್ ಹಿಡಿದ ಸ್ಟೇಷನ್‌ಗಳಲ್ಲಿ, ಅಕ್ಕಪಕ್ಕದ ನಾಲ್ಕರಲ್ಲೂ ಒಂದೇ ದಿಕ್ಕಿಗೆ. ಆಗುವ ಮಾತಾ? ನನ್ನ ಪ್ರಕಾರ ಅದು ಕ್ಯಾಪ್‌ರಾಕ್, ಉಪ್ಪಿನ ತಲೆ ಮೇಲೆ ಕೂರುವ ಅನ್‌ಹೈಡ್ರೈಟ್ ಎಂಬ ಭಾರದ ಕಲ್ಲು. ಅದರ ಸಾಂದ್ರತೆ 2.9ರಷ್ಟು. ಅಷ್ಟು ಚೂಪಾಗಿ ಕಾಣಬೇಕಾದರೆ ಅದು 900 ಮೀಟರ್ ಕೆಳಗೆ ಇರಲು ಸಾಧ್ಯವಿಲ್ಲ.

ಜಗಳ ಮಾಡಿ ಉಬ್ಬು ಉಳಿಸಿಕೊಂಡೆ. ಡೆನ್ಸಿಟಿ ಬದಲಾಯಿಸಿ ಬೇರೆ ಮಾಡೆಲ್‌ಗಳನ್ನು ಕೈಯಾರೆ ಮಾಡಿದೆ. ತಲೆ 400ರಿಂದ 900ರ ನಡುವೆ ಎಲ್ಲಿಯೂ ಇರಬಹುದು ಅಂತ ಬರೆದು ಅಪೆಂಡಿಕ್ಸ್‌ಗೆ ಹಾಕಿದೆ. ಮೊದಲ ಪುಟದ ಟೆಂಪ್ಲೇಟ್‌ನಲ್ಲಿ ಟಾಪ್ ಆಫ್ ಸಾಲ್ಟ್ ಅಂತ ಒಂದೇ ಖಾನೆ. ಅಲ್ಲಿ 900 ಹೋಯಿತು. ಇಂಜಿನಿಯರ್‌ಗಳಲ್ವಾ, ಪೂರ್ತಿ ಓದುತ್ತಾರೆ ಅಂದುಕೊಂಡಿದ್ದೆ.

ಕಾಲ್ ಇದ್ದದ್ದು ರಾತ್ರಿ. ಜಡಿಮಳೆ, ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು. ಅವರ ಡ್ರಿಲ್ಲಿಂಗ್ ಇಂಜಿನಿಯರ್ ಸ್ಕ್ರೀನ್ ಶೇರ್ ಮಾಡಿದರು. 900ರ ಲೆಕ್ಕದಲ್ಲೇ ಕೇಸಿಂಗ್ ಆರ್ಡರ್ ಆಗಿತ್ತು, ರಿಗ್ ಬರುವ ತಾರೀಖೂ ಗೊತ್ತಾಗಿತ್ತು. ಪಕ್ಕದಲ್ಲಿ, ಅವರಿಗೆ ಆಗಷ್ಟೇ ಸಿಕ್ಕ ಒಂದು ಹಳೇ ಬಾವಿಯ ಲಾಗ್, ಅಂದರೆ ಎಷ್ಟು ಆಳದಲ್ಲಿ ಏನು ಸಿಕ್ಕಿತು ಅನ್ನುವ ದಾಖಲೆ. ಅದರಲ್ಲಿ 400 ಮುಟ್ಟುವ ಮೊದಲೇ ಕ್ಯಾಪ್‌ರಾಕ್. "ಇದು ನಿಮಗೆ ಗೊತ್ತಿತ್ತಾ?" ಅಂತ ಕೇಳಿದರು.

ಯಾರೂ ಬಾಯಿ ಬಿಡಲಿಲ್ಲ. ಮ್ಯಾನೇಜರ್ ಮ್ಯೂಟ್‌ನಲ್ಲೇ ಇದ್ದರು. ನಾನು ರಿಪೋರ್ಟ್ ತೆರೆಯಲು ಹೋದರೆ ಫೈಲ್ ಸರ್ವರ್‌ನಿಂದ ಇಳಿಯುತ್ತಲೇ ಇಲ್ಲ. ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆ, ಮಳೆಗೆ ಸಿಗ್ನಲ್ ಒಂದು ಕಡ್ಡಿಗೆ ಇಳಿದಿತ್ತು. ಅಂತೂ ಪುಟ ತೆರೆಯಿತು. ಅವರು ನಿಧಾನವಾಗಿ ಓದಿದರು. "ಇದನ್ನು ಇಷ್ಟು ಹಿಂದೆ ಯಾಕೆ ಇಟ್ಟಿರಿ?" ಅಂದರು. ಏನು ಹೇಳುವುದು? ಉಬ್ಬಿಗಾಗಿ ಅಷ್ಟು ಜಗಳಾಡಿದವಳು, ಆ ಖಾನೆಗಾಗಿ ಒಂದು ಮಾತೂ ಆಡಿರಲಿಲ್ಲ.

ಕೇಸಿಂಗ್ ಡಿಸೈನ್ ಮತ್ತೆ ಮಾಡಿದರು, ರಿಗ್ ಮುಂದೆ ಹೋಯಿತು. ಮರುದಿನದ ಮೀಟಿಂಗ್‌ನಲ್ಲಿ ಮ್ಯಾನೇಜರ್ ಹೇಳಿದ್ದು, ಗ್ರ್ಯಾವಿಟಿಯನ್ನು ನಂಬಲಿಕ್ಕಾಗುವುದಿಲ್ಲ ಅಂತ. ನನಗೆ ಜಾಸ್ತಿ ನೋವಾದದ್ದು ಅದರಿಂದಲೇ. 1924ರಲ್ಲಿ ಅದೇ ಟೆಕ್ಸಾಸ್‌ನ ನ್ಯಾಶ್ ಗುಮ್ಮಟವನ್ನು ಹುಡುಕಿಕೊಟ್ಟದ್ದು ಟಾರ್ಷನ್ ಬ್ಯಾಲೆನ್ಸ್ ಎಂಬ ಗ್ರ್ಯಾವಿಟಿ ಉಪಕರಣ. ನಮ್ಮ ಮ್ಯಾಪ್ ಕೂಡ ಸುಳ್ಳು ಹೇಳಿರಲಿಲ್ಲ, ಉಬ್ಬನ್ನು ಎದುರಿಗೇ ತೋರಿಸಿತ್ತು. ಗ್ರ್ಯಾವಿಟಿಯ ಒಂದೇ ಅನಾಮಲಿಗೆ, ಅಂದರೆ ಒಂದೇ ಏರಿಳಿತಕ್ಕೆ, ನೆಲದಡಿಯ ಹತ್ತು ಆಕಾರ ಹೊಂದುತ್ತವೆ. ಹತ್ತರಲ್ಲಿ ಒಂದನ್ನೇ ಕೊಡಿ ಅಂತ ಕೇಳಿದ್ದು ನಮ್ಮ ಟೆಂಪ್ಲೇಟ್. ಹಳೇ ಲಾಗ್ ಇದೆಯಾ ಅಂತ ಮೊದಲ ದಿನವೇ ಕ್ಲೈಂಟ್‌ಗೆ ಒಂದು ಮೇಲ್ ಹಾಕಿದ್ದರೆ ಆ ಹತ್ತರಲ್ಲಿ ಎಷ್ಟೋ ಅಲ್ಲೇ ಬಿದ್ದುಹೋಗುತ್ತಿದ್ದವು.

ಈಗ ನಾನು ಲಾಗ್ ಕೇಳದೆ ಇನ್ವರ್ಷನ್ ಓಡಿಸುವುದಿಲ್ಲ. ಲಾಗ್ ಇಲ್ಲ ಅಂದರೆ ಅದನ್ನೂ ಮೊದಲ ಪುಟದಲ್ಲೇ ಬರೆಯುತ್ತೇನೆ. ಖಾನೆಯಲ್ಲಿ ಒಂದು ನಂಬರ್ ಬದಲು ಇಲ್ಲಿಂದ ಇಲ್ಲಿಯವರೆಗೆ ಅಂತ ಹಾಕುತ್ತೇನೆ. ಫಾರ್ಮ್ಯಾಟ್ ಸರಿಯಿಲ್ಲ ಅಂತ ಗುಣಮಟ್ಟ ನೋಡುವ ಕ್ಯೂಸಿಯವರು ವಾಪಸ್ ಕಳಿಸುತ್ತಾರೆ. ನಾನು ಅದನ್ನೇ ಮತ್ತೆ ಕಳಿಸುತ್ತೇನೆ.